ಒಡಹುಟ್ಟಿದವರ ಶ್ರುತಿ

ಬರ್ಲಿಂಗ್ಟನ್, ವರ್ಮಾಂಟ್
ಸೆಪ್ಟೆಂಬರ್ 17, 2023, ಭಾನುವಾರ

ಮರಿಯಾ ಟ್ರ್ಯಾಪ್ 1949ರಲ್ಲಿ ಪ್ರಕಟಿಸಿದ ಆತ್ಮಕಥೆ ಅರ್ಧ ಓದಿದೆ. ಮಗಳು ಇಲ್ಲಿನ ಲೈಬ್ರರಿಯಿಂದ ತಂದುಕೊಟ್ಟಿದ್ದು. ಇದೇ ಕಥೆ 1956ರಲ್ಲಿ ಜರ್ಮನ್ ಸಿನಿಮಾ ಆಯಿತು, 1959ರಲ್ಲಿ ಬ್ರಾಡ್‌ವೇ ನಾಟಕ ಆಯಿತು, 1965ರಲ್ಲಿ 'ದಿ ಸೌಂಡ್ ಆಫ್ ಮ್ಯೂಸಿಕ್' ಆಗಿ ಊರೂರು ಸುತ್ತಿತು. ಅದನ್ನು ನೋಡದವರೂ ಗುಲ್ಜಾರರ 'ಪರಿಚಯ್' ನೋಡಿದ್ದರೆ ಆ ಮನೆಯ ನೆರಳು ಕಂಡಂತೆಯೇ: ತಬ್ಬಲಿ ಮಕ್ಕಳು, ಬಿಗಿ ಮುಖದ ಹಿರಿಯರು, ಹಾಡು ಕಲಿಸಿ ಎಲ್ಲರನ್ನೂ ಮೆತ್ತಗಾಗಿಸುವ ಮೇಷ್ಟ್ರು.

ಪುಸ್ತಕದ ಮನೆಯೇ ಬೇರೆ. ಗಿಯೋರ್ಗ್ ಫಾನ್ ಟ್ರ್ಯಾಪ್ ಆಸ್ಟ್ರಿಯಾ-ಹಂಗೆರಿಯ ನೌಕಾಪಡೆಯಲ್ಲಿ ಜಲಾಂತರ್ಗಾಮಿಯ ನಾಯಕ. ಮೊದಲ ಹೆಂಡತಿ ಅಗಾಥೆ 1922ರಲ್ಲಿ ಜ್ವರ ಬಂದು ತೀರಿಕೊಂಡಾಗ ಮನೆಯಲ್ಲಿ ಏಳು ಮಕ್ಕಳು. ಸಾಲ್ಜ್‌ಬರ್ಗ್‌ನ ನಾನ್‌ಬರ್ಗ್ ಮಠದಿಂದ ಮರಿಯಾ ಬಂದದ್ದು 1926ರಲ್ಲಿ, ಕಾಯಿಲೆಯಿಂದ ಸೊರಗಿದ್ದ ಒಬ್ಬ ಹುಡುಗಿಗೆ ಪಾಠ ಹೇಳಲು. ಮರುವರ್ಷ ಮದುವೆ. ಸಿನಿಮಾದಲ್ಲಿ ಮದುವೆಯ ಊಟ ಅರಗುವ ಮೊದಲೇ ದೇಶ ಬಿಟ್ಟು ಓಡುತ್ತಾರೆ. ನಿಜದಲ್ಲಿ ಆ ನಡುವೆ ಹನ್ನೊಂದು ವರ್ಷ ಕಳೆದಿದ್ದವು, ಇನ್ನಿಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದರು.

ಓಡಿದ್ದೂ ಸಿನಿಮಾದಂತೆ ಬೆಟ್ಟ ಹತ್ತಿ ಅಲ್ಲ. ಸಾಲ್ಜ್‌ಬರ್ಗ್‌ನ ಪಕ್ಕದ ಬೆಟ್ಟ ದಾಟಿದರೆ ಇಳಿಯುವುದು ಹಿಟ್ಲರನ ಜರ್ಮನಿಗೇ. ಕ್ಯಾಪ್ಟನ್ ಹುಟ್ಟಿದ ಜಾರಾ ಊರು ಮೊದಲ ಮಹಾಯುದ್ಧದ ನಂತರ ಇಟಲಿಗೆ ಸೇರಿದ್ದರಿಂದ ಅವರಿಗೆ ಇಟಲಿಯ ಪೌರತ್ವವಿತ್ತು. 1938ರಲ್ಲಿ ಹಗಲು ಹೊತ್ತಿನಲ್ಲಿ ಎಲ್ಲರೂ ರೈಲು ಹತ್ತಿ ಇಟಲಿಗೆ ಹೋದರು. ಹಿಟ್ಲರನ ಹುಟ್ಟುಹಬ್ಬಕ್ಕೆ ಹಾಡಲು ಬಂದ ಕರೆಯನ್ನು ಒಪ್ಪಿರಲಿಲ್ಲ, ಇನ್ನು ಅಲ್ಲಿ ಉಳಿಯುವಂತಿರಲಿಲ್ಲ.

ಕ್ಯಾಪ್ಟನ್‌ಗೆ ಸಂಗೀತ ಆಗುತ್ತಿರಲಿಲ್ಲ ಎನ್ನುವುದಂತೂ ಶುದ್ಧ ಕಟ್ಟುಕಥೆ. ಆತ ಪಿಟೀಲು ನುಡಿಸುತ್ತಿದ್ದರು. ಮರಿಯಾ ಬರುವ ಮೊದಲೇ ಮಕ್ಕಳು ಹಾಡುತ್ತಿದ್ದರು, ವಾದ್ಯ ನುಡಿಸುತ್ತಿದ್ದರು ಎಂದು ಹಿರಿಯ ಮಗಳು ಅಗಾಥೆ ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಸಿನಿಮಾದಲ್ಲಿ ಕ್ಯಾಪ್ಟನ್ ಸೀಟಿ ಊದಿ ಮಕ್ಕಳನ್ನು ಕರೆಯುವ ಕಥೆ ಮಾತ್ರ ನಿಜ. ಆ ದೊಡ್ಡ ತೋಟದಲ್ಲಿ ಕೂಗಿದರೆ ಕೇಳುತ್ತಿರಲಿಲ್ಲವಂತೆ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಸೀಟಿ.

ಸೆಪ್ಟೆಂಬರ್ 19, ಮಂಗಳವಾರ

ಗಣೇಶನ ಹಬ್ಬ. ಕಡುಬು ಚೆನ್ನಾಗಿ ಬಂತು, ಆರತಿ ಹಾಡು ಚೆನ್ನಾಗಿ ಬರಲಿಲ್ಲ. ಮೊಮ್ಮಗಳು ಒಂದು ಶ್ರುತಿ, ಮೊಮ್ಮಗ ಇನ್ನೊಂದು, ಅಳಿಯಂದಿರು ಎರಡಕ್ಕೂ ಸೇರದೆ ತಾಳ ಹಾಕುತ್ತಿದ್ದರು.

ಊಟವಾದ ಮೇಲೆ ಟ್ರ್ಯಾಪ್ ಕುಟುಂಬದ ಹಳೆಯ ರೆಕಾರ್ಡುಗಳನ್ನು ಕೇಳಿದೆ. ಸಿನಿಮಾದ ಒಂದು ಹಾಡೂ ಇವರದಲ್ಲ. ಅವುಗಳಲ್ಲಿ ಹೆಚ್ಚಿನವನ್ನು ರಚಿಸಿದವರು ರಿಚರ್ಡ್ ರಾಜರ್ಸ್ ಮತ್ತು ಆಸ್ಕರ್ ಹ್ಯಾಮರ್‌ಸ್ಟೈನ್. ಆಸ್ಟ್ರಿಯಾದ ಹಳೆಯ ಜನಪದ ಗೀತೆ ಎಂದು ಎಷ್ಟೋ ಮಂದಿ ನಂಬಿರುವ 'ಈಡಲ್‌ವೈಸ್' ಕೂಡ 1959ರಲ್ಲಿ ಬ್ರಾಡ್‌ವೇಗಾಗಿ ಬರೆದದ್ದು. ಈ ಕುಟುಂಬ ನಿಜವಾಗಿ ಹಾಡುತ್ತಿದ್ದದ್ದು ಮೊದಲ ಭಾಗದಲ್ಲಿ ಪಾಲೆಸ್ಟ್ರೀನಾ, ಬಾಖ್ ಮೊದಲಾದವರ ಚರ್ಚ್ ಸಂಗೀತ. ನಡುವೆ ರೆಕಾರ್ಡರ್ ಎಂಬ, ನೇರಕ್ಕೆ ಹಿಡಿದು ಊದುವ ಮರದ ಕೊಳಲುಗಳ ಮೇಳ. ಕೊನೆಗೆ ಆಸ್ಟ್ರಿಯಾದ ಬೆಟ್ಟಗಾಡಿನ ಹಾಡುಗಳು, ಯೋಡ್ಲಿಂಗ್, ಬೇರೆ ಬೇರೆ ದೇಶಗಳ ಜನಪದ ಹಾಡುಗಳು.

ನಮ್ಮಲ್ಲೂ ಒಡಹುಟ್ಟಿದವರು ಜೊತೆಯಾಗಿ ಹಾಡುವ ಪದ್ಧತಿ ಇದೆ. ನಮ್ಮ ಅರಕಲಗೂಡು ಸೀಮೆಯ ರುದ್ರಪಟ್ಟಣ ಸಹೋದರರನ್ನು ಕೇಳಿಯೇ ಬೆಳೆದವಳು ನಾನು. ಇಬ್ಬರು ಹಾಡಿದರೂ ಸಂಗತಿ ಒಂದೇ, ಸ್ವರ ಒಂದೇ. ಒಬ್ಬರು ನೆರವಲಿಗೆ ಹೊರಟರೆ ಇನ್ನೊಬ್ಬರು ಕಾದು ನಿಂತು ಮುಂದುವರಿಸುತ್ತಾರೆ. ಟ್ರ್ಯಾಪ್ ಕುಟುಂಬದ್ದು ಅದಕ್ಕೆ ಪೂರ್ತಿ ತಿರುವುಮುರುವು. ಒಂದೇ ಕ್ಷಣದಲ್ಲಿ ಒಬ್ಬಳು ಮೇಲಿನ ಸ್ವರ, ಒಬ್ಬಳು ನಡುವಿನದು, ಗಂಡಸರು ಕೆಳಗಿನದು. ಪ್ರತಿಯೊಬ್ಬರದೂ ಬೇರೆ ದಾರಿ. ಪಕ್ಕದವರ ಸ್ವರಕ್ಕೆ ಮರುಳಾಗಿ ಅತ್ತ ವಾಲಿದರೆ ಕೆಟ್ಟಿತು, ಪಕ್ಕದವರನ್ನು ಕೇಳದೆ ತನ್ನ ಪಾಡಿಗೆ ಹಾಡಿದರೂ ಕೆಟ್ಟಿತು. ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟವಳು ನಾನು, ಇದು ಎಷ್ಟು ಕಷ್ಟ ಎಂದು ಗೊತ್ತು.

ಒಂದು ಅನುಕೂಲ ಇವರಿಗೆ ಹುಟ್ಟಿನಿಂದ ಬಂದಿತ್ತು. ಒಂದೇ ಮನೆಯಲ್ಲಿ ಮಾತು ಕಲಿತವರ 'ಆ'ಕಾರ 'ಓ'ಕಾರ ಒಂದೇ ಅಚ್ಚಿನವು. ಕಂಠದ ಬಣ್ಣವೂ ಹತ್ತಿರ. ಆದರೆ ಹತ್ತಿರದ ದನಿಗಳು ತಾವಾಗಿ ಶ್ರುತಿ ಸೇರುವುದಿಲ್ಲ, ಇವತ್ತಿನ ಆರತಿಯೇ ಅದಕ್ಕೆ ಸಾಕ್ಷಿ! ಇವರನ್ನು ಸೇರಿಸಿದವರು ಫ್ರಾನ್ಜ್ ವಾಸ್ನರ್ ಎಂಬ ಪಾದ್ರಿ.

1930ರ ದಶಕದಲ್ಲಿ ಬ್ಯಾಂಕ್ ಮುಳುಗಿ ಕ್ಯಾಪ್ಟನ್‌ರ ಹಣವೆಲ್ಲ ಹೋಯಿತು. ಆಳುಕಾಳುಗಳನ್ನು ಬಿಟ್ಟು, ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. 1935ರಲ್ಲಿ ಮನೆಯ ಪ್ರಾರ್ಥನಾ ಕೋಣೆಯಲ್ಲಿ ಪೂಜೆ ನಡೆಸಲು ಬಂದ ವಾಸ್ನರ್ ಮಕ್ಕಳ ಹಾಡು ಕೇಳಿ ಮೆಚ್ಚಿ ಸುಮ್ಮನಾಗಲಿಲ್ಲ, ಅಲ್ಲೇ ತಿದ್ದತೊಡಗಿದರು. ಆಮೇಲೆ ಎರಡು ದಶಕ ತಿದ್ದುತ್ತಲೇ ಇದ್ದರು. ಯಾವ ಹಾಡು, ಯಾರಿಗೆ ಯಾವ ಸ್ವರ, ಎಲ್ಲಿ ಉಸಿರು, ಎಲ್ಲ ಅವರದೇ ತೀರ್ಮಾನ. 1936ರಲ್ಲಿ ಗಾಯಕಿ ಲೊಟೆ ಲೇಮಾನ್ ಇವರ ಹಾಡು ಕೇಳಿ ಸಾಲ್ಜ್‌ಬರ್ಗ್ ಉತ್ಸವದ ಸ್ಪರ್ಧೆಗೆ ಹೋಗಲೇಬೇಕೆಂದು ಒತ್ತಾಯಿಸಿದರು. ಹೋದರು, ಗೆದ್ದರು. ಅಷ್ಟು ದೊಡ್ಡ ಸಿನಿಮಾದಲ್ಲಿ ಈ ಮೇಷ್ಟ್ರಿಗೆ ಒಂದು ದೃಶ್ಯವೂ ಇಲ್ಲ.

ಸೆಪ್ಟೆಂಬರ್ 24, ಭಾನುವಾರ

ಟ್ರ್ಯಾಪ್‌ಗಳಿಗಿಂತ ನೂರು ವರ್ಷ ಮೊದಲೇ ಆಲ್ಪ್ಸ್ ಸೀಮೆಯಿಂದ ಹೀಗೆ ಹಾಡಿಕೊಂಡು ಹೊರಟವರಿದ್ದರು. ಟಿರೋಲ್ ಪ್ರಾಂತ್ಯದ ಜಿಲ್ಲರ್ ಕಣಿವೆಯ ರೈನರ್ ಒಡಹುಟ್ಟಿದವರು: ನಾಲ್ವರು ಸೋದರರು, ಒಬ್ಬಳು ಸೋದರಿ. 1827ರಲ್ಲಿ ಇಂಗ್ಲೆಂಡಿಗೆ ಹೋಗಿ ನಾಲ್ಕನೇ ಜಾರ್ಜ್ ದೊರೆಯ ಮುಂದೆ ಹಾಡಿದರು. ಅದೇ ಕಣಿವೆಯ ಸ್ಟ್ರಾಸರ್ ಮನೆಯವರು ಕೈಗವಸಿನ ವ್ಯಾಪಾರಿಗಳು. ಲೈಪ್‌ಜಿಗ್ ಸಂತೆಗೆ ಸರಕು ಒಯ್ದಾಗ ಮಕ್ಕಳು ಹಾಡುತ್ತಿದ್ದರು. ಅವರು ಹಾಡಿದ ಹಾಡುಗಳಲ್ಲಿ ಒಂದು, 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಮೊದಲು ಕೇಳಿಬಂದ 'ಸೈಲೆಂಟ್ ನೈಟ್'. ಬರೆದವರು ಪಾದ್ರಿ ಯೋಸೆಫ್ ಮೋರ್, ಸ್ವರ ಹಾಕಿದವರು ಶಾಲಾ ಮೇಷ್ಟ್ರು ಫ್ರಾನ್ಜ್ ಗ್ರೂಬರ್. ಆರ್ಗನ್ ರಿಪೇರಿಗೆ ಬಂದಿದ್ದವನ ಕೈಯಲ್ಲಿ ಹಾಡು ಜಿಲ್ಲರ್ ಕಣಿವೆಗೆ ಹೋಯಿತು, ಕೈಗವಸಿನ ಜೊತೆ ಲೈಪ್‌ಜಿಗ್‌ಗೆ ಹೋಯಿತು, ರೈನರ್ ಮನೆಯ ಮುಂದಿನ ತಲೆಮಾರಿನವರ ಜೊತೆ 1839ರಲ್ಲಿ ನ್ಯೂಯಾರ್ಕ್‌ಗೆ ಬಂತು. ಇವತ್ತು ಹಾಸನದ ಚರ್ಚಿನಲ್ಲೂ ಡಿಸೆಂಬರ್‌ನಲ್ಲಿ ಕೇಳುತ್ತದೆ.

ಆ ರೈನರ್ ತಂಡದ ದಾರಿ ಹಿಡಿದವರು ಇಲ್ಲೇ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಹಚಿನ್‌ಸನ್ ಮನೆಯವರು. ಮಿಲ್‌ಫರ್ಡ್ ಊರಿನ ರೈತರ ಮಕ್ಕಳು: ಜಡ್ಸನ್, ಜಾನ್, ಏಸಾ, ತಂಗಿ ಆಬಿ. 1840ರ ದಶಕದಲ್ಲಿ ಅಮೆರಿಕದ ತುಂಬ ಹೆಸರಾದರು. ಅವರು ಹಾಡಿದ್ದು ಗುಲಾಮಗಿರಿಯ ವಿರುದ್ಧ, ಕುಡಿತದ ವಿರುದ್ಧ, ಹೆಂಗಸರ ಮತದ ಹಕ್ಕಿಗಾಗಿ. 1845ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಾಸ್ ಬ್ರಿಟನ್ನಿಗೆ ಹೋದಾಗ ಅದೇ ಕ್ಯಾಂಬ್ರಿಯಾ ಹಡಗಿನಲ್ಲಿ ಇವರೂ ಇದ್ದರು.

ಮಗಳು ಕೇಳಿದಳು: "ಅಮ್ಮಾ, ಬೇರೆಯವರ ಗುಂಪಿಗಿಂತ ಒಡಹುಟ್ಟಿದವರ ಗುಂಪನ್ನು ಜನ ಯಾಕೆ ಅಷ್ಟು ಇಷ್ಟಪಡುತ್ತಿದ್ದರು?"

ಜನ ಹಾಡಿಗೆ ಮಾತ್ರ ದುಡ್ಡು ಕೊಡುವುದಿಲ್ಲ, ಒಂದು ಮನೆ ಒಡೆಯದೆ ನಿಂತಿದೆ ಎನ್ನುವ ನೋಟಕ್ಕೂ ಕೊಡುತ್ತಾರೆ ಎಂದೆ. ಅವಳು ಒಪ್ಪಲಿಲ್ಲ. ನನಗೆ ಈಗಲೂ ಹಾಗೇ ಅನ್ನಿಸುತ್ತದೆ.

ಅಕ್ಟೋಬರ್ 7, ಶನಿವಾರ

ಸ್ಟೋ ಊರಿಗೆ ಹೋಗಿ ಬಂದೆವು. ಕಾರಿನಲ್ಲಿ ಒಂದು ಗಂಟೆಯ ಹಾದಿ. ಮೇಪಲ್ ಎಲೆ ಕೆಂಪಾಗುವ ಕಾಲ, ರಸ್ತೆಯ ತುಂಬ ಎಲೆ ನೋಡಲು ಬಂದವರ ಕಾರು. ಈ ಬೆಟ್ಟ ಸಾಲ್ಜ್‌ಬರ್ಗ್ ಸೀಮೆಯನ್ನು ನೆನಪಿಸಿತೆಂದು ಟ್ರ್ಯಾಪ್ ಕುಟುಂಬ 1942ರಲ್ಲಿ ಇಲ್ಲಿ ಹಳೆಯ ಹೊಲಮನೆ ಕೊಂಡಿತು. ಜಮೀನಿಗೆ ಇಟ್ಟ ಹೆಸರು 'ಕೋರ್ ಉನುಮ್', ಲ್ಯಾಟಿನ್‌ನಲ್ಲಿ ಒಂದೇ ಹೃದಯ. ಸಂಚಾರ ಇಲ್ಲದ ದಿನಗಳಲ್ಲಿ ಮೇಪಲ್ ರಸ ಕಾಯಿಸಿದರು, ಮರ ಕಡಿದು, ಗೋಡೆ ಎಬ್ಬಿಸಿ ತಮ್ಮ ಕೈಯಾರೆ ಮನೆ ಕಟ್ಟಿಕೊಂಡರು. ಆ ಮನೆ 1980ರ ಡಿಸೆಂಬರ್‌ನಲ್ಲಿ ಸುಟ್ಟುಹೋಯಿತು. ಈಗಿರುವುದು 1983ರಲ್ಲಿ ತೆರೆದ ದೊಡ್ಡ ಹೋಟೆಲು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಜನ ಬರುತ್ತಾರೆ, ಕುಡಿಯುವವರಿಗೆ ಮನೆಯ ಹೆಸರಿನದೇ ಬಿಯರ್ ಉಂಟು. ಅಳಿಯಂದಿರಿಗೆ ಅದು ಹಿಡಿಸಿತು.

ಹೋಟೆಲಿನ ಪಕ್ಕದಲ್ಲಿ ಕುಟುಂಬದ ಸಮಾಧಿಗಳು. ಕ್ಯಾಪ್ಟನ್ 1947, ಮರಿಯಾ 1987. ಬದಿಯಲ್ಲಿ ಮಕ್ಕಳು. ನೋಡಲು ಬಂದ ಅಮೆರಿಕನ್ ಹೆಂಗಸರು ಕೆಲವರು ಸಿನಿಮಾದ ಹಾಡನ್ನು ಗುನುಗುತ್ತಿದ್ದರು. ಆ ಮಣ್ಣಿನಲ್ಲಿ ಮಲಗಿರುವವರ ಹಾಡು ಅದಲ್ಲ ಎಂದು ಹೇಳಲು ನಾನ್ಯಾರು?

ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು 1944ರ ಸಂಗತಿ. ಊರಿನ ಹತ್ತಿರ ಸರ್ಕಾರ ಬಿಟ್ಟುಹೋಗಿದ್ದ ಶಿಬಿರದ ಕಟ್ಟಡಗಳನ್ನು ಹಿಡಿದು ಅಲ್ಲಿ ಬೇಸಿಗೆಯ ಸಂಗೀತ ಶಿಬಿರ ಶುರುಮಾಡಿದರು. ಹಾಡಲು ಬಾರದವರೂ ಬರಬಹುದಿತ್ತು. ದಿನವೂ ಕೂಡಿ ಹಾಡುವುದು, ರೆಕಾರ್ಡರ್ ಕಲಿಯುವುದು, ಕುಣಿಯುವುದು. ಟಿಕೆಟ್ ಕೊಂಡು ಕುರ್ಚಿಯಲ್ಲಿ ಕೂತು ಕೇಳಿದವರನ್ನೇ ಇಲ್ಲಿ ಎಬ್ಬಿಸಿ ಹಾಡಿಸಿದರು. ಯುದ್ಧ ಮುಗಿದು ಆಸ್ಟ್ರಿಯಾ ಹಸಿದಿದ್ದಾಗ 1947ರಲ್ಲಿ ಪರಿಹಾರ ನಿಧಿ ಕಟ್ಟಿ, ಕಛೇರಿ ಮುಗಿದ ಮೇಲೆ ಕೇಳುಗರಿಂದಲೇ ಬಟ್ಟೆ, ಡಬ್ಬಿಯ ಆಹಾರ ಬೇಡಿ ಕಳಿಸಿದರು.

1950ರ ಕ್ರಿಸ್‌ಮಸ್ ಹಾಡುಗಳ ಪುಸ್ತಕವನ್ನೂ ತಿರುವಿಹಾಕಿದೆ. ಹಲವು ದೇಶಗಳ ಹಾಡುಗಳು. ಆರಿಸಿ ಸ್ವರ ಹೊಂದಿಸಿದವರು ವಾಸ್ನರ್, ಚಿತ್ರ ಬರೆದವಳು ಹಿರಿಯ ಮಗಳು ಅಗಾಥೆ. ಪಿಯಾನೊ ಇರುವ ಯಾವ ಮನೆಯವರೂ ಕೂತು ಹಾಡಿಕೊಳ್ಳಬಹುದಾದ ಪುಸ್ತಕ. ಮೇಷ್ಟ್ರ ಕೆಲಸ ಎಂದರೆ ಇದು.

ಅಕ್ಟೋಬರ್ 10, ಮಂಗಳವಾರ

ಅಕ್ಕನಿಗೆ ಫೋನ್ ಮಾಡಿ ಈ ಕಥೆಯೆಲ್ಲ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ: "ಅಲ್ಲವೇ, ಅವರು ಜಗಳ ಆಡ್ತಿರಲಿಲ್ವಾ?"

ಆಡದೆ ಇರುತ್ತಾರೆಯೇ? 1938ರ ಕೊನೆಯಲ್ಲಿ ಅಮೆರಿಕದಲ್ಲಿ ಹಡಗಿನಿಂದ ಇಳಿದಾಗ ಕೈಯಲ್ಲಿ ಬಿಡಿಗಾಸು, ಮರಿಯಾ ಬಸುರಿ. ಕೊನೆಯ ಮಗ ಯೋಹಾನ್ನೆಸ್ 1939ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ. ವೀಸಾ ಮುಗಿದು ಯುರೋಪಿಗೆ ಹೋಗಿ ಮತ್ತೆ ಬಂದಾಗ, ಎಷ್ಟು ದಿನ ಇರುತ್ತೀರಿ ಎಂದ ಅಧಿಕಾರಿಗೆ ಮರಿಯಾ ಸಂತೋಷ ತಡೆಯಲಾರದೆ ಇಲ್ಲೇ ಇದ್ದುಬಿಡುತ್ತೇನೆ ಎಂದುಬಿಟ್ಟಳು. ಎಲ್ಲರನ್ನೂ ಎಲ್ಲಿಸ್ ದ್ವೀಪದಲ್ಲಿ ತಡೆಹಿಡಿದರು. ಆಮೇಲೆ ವರ್ಷದ ಬಹುಪಾಲು ಬಸ್ಸಿನಲ್ಲೇ ಬದುಕು. ಮನೆಮಂದಿ ವೇದಿಕೆ ಹತ್ತಿ ದುಡಿಯುವುದು ಕ್ಯಾಪ್ಟನ್‌ಗೆ ಮನಸ್ಸಿಗೆ ಒಗ್ಗಿರಲಿಲ್ಲ, ಆದರೂ ಜೊತೆಗೆ ತಿರುಗಿದರು.

ಅಮೆರಿಕನ್ ಮ್ಯಾನೇಜರ್‌ಗಳಿಗೆ ಇವರ ಕಾರ್ಯಕ್ರಮ ಅತಿ ಗಂಭೀರ ಎನಿಸಿತು. ಚರ್ಚ್ ಸಂಗೀತ ಕಡಿಮೆ ಮಾಡಿ, ಜನಪದ ಹಾಡು ಹೆಚ್ಚಿಸಿ, ಸ್ವಲ್ಪ ನಗಿ ಎಂದರು. ನಗು ಬಂದದ್ದು ಆಕಸ್ಮಿಕವಾಗಿ. ಒಂದು ಕಛೇರಿಯಲ್ಲಿ ಯೋಡ್ಲಿಂಗ್‌ನ ದೀರ್ಘ ಸ್ವರದ ನಡುವೆ ಮರಿಯಾಳ ಬಾಯಿಗೆ ನೊಣ ಹೊಕ್ಕಿತು. ಹಾಡು ನಿಂತಿತು. ಆಕೆ ಮುಂದೆ ಬಂದು ನಡೆದದ್ದನ್ನು ನಡೆದಂತೆ ಹೇಳಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಕೇಳುಗರ ಜೊತೆ ಮಾತಾಡುವುದನ್ನು ಆಕೆ ಕಲಿತಳು.

ಅಕ್ಕನಿಗೆ ಇದು ಬಹಳ ಇಷ್ಟವಾಯಿತು. ಇನ್ನುಳಿದದ್ದು ಅಷ್ಟು ಇಷ್ಟವಾಗಲಿಲ್ಲ. ಯುದ್ಧಕಾಲದಲ್ಲಿ ಗಂಡುಮಕ್ಕಳಾದ ರೂಪರ್ಟ್ ಮತ್ತು ವರ್ನರ್ ಅಮೆರಿಕದ ಸೈನ್ಯದ ಬೆಟ್ಟಗಾಡು ಪಡೆಗೆ ಸೇರಿ ಇಟಲಿಯಲ್ಲಿ ಹೋರಾಡಬೇಕಾಯಿತು. ಗಂಡುದನಿಗಳೇ ಇಲ್ಲದಾಗ ವಾಸ್ನರ್ ಹಾಡುಗಳನ್ನೆಲ್ಲ ಹೆಂಗಸರ ಕಂಠಕ್ಕೆ ಮತ್ತೆ ಹೊಂದಿಸಿದರು. ರೂಪರ್ಟ್ ಡಾಕ್ಟರಾದ. ಹೆಣ್ಣುಮಕ್ಕಳಲ್ಲಿ ಯೋಹಾನ್ನಾ ಮದುವೆಯಾಗಿ ತಂಡ ಬಿಟ್ಟಳು. ಮಾರ್ಟಿನಾ 1951ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ರೋಸ್‌ಮರಿಗೆ ವೇದಿಕೆ ಎಂದರೆ ಭಯ, ಆದರೂ ಹಾಡಬೇಕಿತ್ತು. ಖಾಲಿಯಾದ ಜಾಗಗಳಿಗೆ ಹೊರಗಿನ ಗಾಯಕರನ್ನು ಸಂಬಳಕ್ಕೆ ತಂದು ನಿಲ್ಲಿಸಿದರು. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಸುತ್ತಿ 1956ರ ಹೊತ್ತಿಗೆ ತಂಡ ಮುಗಿಯಿತು. ಅಷ್ಟು ಹೊತ್ತಿಗೆ ಮೊದಲ ಏಳು ಮಕ್ಕಳಲ್ಲಿ ಬದುಕಿದ್ದವರೆಲ್ಲ ಮೂವತ್ತೈದು ದಾಟಿದ್ದರು. ಮರಿಯಾ ಆ ಜರ್ಮನ್ ಸಿನಿಮಾಕ್ಕೆ ಕಥೆಯ ಹಕ್ಕು ಮಾರಿದ್ದು 9,000 ಡಾಲರಿಗೆ. ಮುಂದೆ ಹರಿದ ಹಣದ ಹೊಳೆಯಲ್ಲಿ ಮನೆಯವರಿಗೆ ಸಿಕ್ಕಿದ್ದು ಬೊಗಸೆಯಷ್ಟೇ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅವರ ಅನ್ನ ಹಾಡಿನಲ್ಲಿತ್ತು, ಪಾಪ. ನಮ್ಮದು ಗದ್ದೆಯಲ್ಲಿತ್ತು. ಅದಕ್ಕೇ ನಾವು ಬೇಕಾದಾಗ ಹಾಡಿದೆವು, ಬೇಡವಾದಾಗ ಎದ್ದುಹೋದೆವು."

ಹೌದು. ಸಂಜೆ ದೀಪ ಹಚ್ಚಿದ ಮೇಲೆ ನಾವು ಮೂವರು ಅಕ್ಕತಂಗಿಯರು, ತಮ್ಮ ಸಾಲಾಗಿ ಕೂತು ದೇವರನಾಮ ಹಾಡುತ್ತಿದ್ದೆವು. ಮದುವೆ ಮನೆಗಳಲ್ಲಿ ಹಸೆ ಹಾಡಿಗೆ ನಮ್ಮನ್ನೇ ಕರೆಯುತ್ತಿದ್ದರು, ಕೊಡುತ್ತಿದ್ದದ್ದು ಕುಪ್ಪಸದ ಕಣ. ಎದ್ದುಹೋಗುವ ಸ್ವಾತಂತ್ರ್ಯ ನಮಗಿತ್ತು. ಆ ಸ್ವಾತಂತ್ರ್ಯದಿಂದಲೇ ನಮ್ಮ ಹಾಡು ಊರ ಗಡಿ ದಾಟಲಿಲ್ಲ. ಅವಳು ಹೇಳಿದ ಮಾತಿನ ಈ ಇನ್ನೊಂದು ಮಗ್ಗುಲನ್ನು ನಾನು ಅವಳಿಗೆ ಹೇಳಲಿಲ್ಲ.

ಅಕ್ಟೋಬರ್ 15, ಭಾನುವಾರ

ನವರಾತ್ರಿ ಶುರು. ಪಟ್ಟದ ಗೊಂಬೆಗಳನ್ನು ಇಟ್ಟಾಯಿತು. ಇಲ್ಲಿನ ಕನ್ನಡದ ಮನೆಗಳವರು ಸಂಜೆ ಬಂದಿದ್ದರು. ಮೊಮ್ಮಕ್ಕಳಿಬ್ಬರಿಗೂ ಒಂದು ವಾರದಿಂದ ಬೆಳಿಗ್ಗೆ ಶಾಲೆಯ ಬಸ್ಸು ಬರುವ ಮೊದಲು ಸರಳೆ ವರಸೆ ಹಾಡಿಸಿದ್ದೇನೆ. ಗೊಣಗಿಕೊಂಡೇ ಹಾಡಿದರು. ಇವತ್ತು ದೇವರನಾಮ ಶುರುಮಾಡಿದಾಗ ಪಲ್ಲವಿಯಲ್ಲಿ ಇಬ್ಬರೂ ಒಂದೇ ಶ್ರುತಿಗೆ ನಿಂತರು, ಚರಣದಲ್ಲಿ ಮೊಮ್ಮಗ ಜಾರಿದ. ಮೊಮ್ಮಗಳು ಅವನನ್ನು ಮೊಣಕೈಯಿಂದ ತಿವಿದು ಸರಿಮಾಡಿದಳು.

ಬಂದವರಲ್ಲಿ ಒಬ್ಬ ಹುಡುಗ ಟ್ರ್ಯಾಪ್ ಮನೆಯ ಮುಂದಿನ ತಲೆಮಾರಿನ ಹಾಡುಗಳನ್ನು ಕೇಳಿಸಿದ. ಕ್ಯಾಪ್ಟನ್‌ರ ಮಗ ವರ್ನರ್, ಸೈನ್ಯದಿಂದ ಬಂದು ವರ್ಮಾಂಟ್‌ನಲ್ಲಿ ರೈತನಾಗಿದ್ದವನು, ತಾತನಾದ ಮೇಲೆ ಮೊಮ್ಮಕ್ಕಳಿಗೆ ಆಸ್ಟ್ರಿಯಾದ ಹಾಡುಗಳನ್ನು ಕಲಿಸಿದ್ದ. ಆತನಿಗೆ ಪಾರ್ಶ್ವವಾಯು ಬಡಿದಾಗ ಮಾಂಟಾನಾದಲ್ಲಿದ್ದ ಆ ಮೊಮ್ಮಕ್ಕಳು ಅವೇ ಹಾಡುಗಳನ್ನು ಹಾಡಿ ಧ್ವನಿಮುದ್ರಿಸಿ ಕಳಿಸಿದರು. ಅಲ್ಲಿಂದ ಮತ್ತೆ ವೇದಿಕೆ, ಮತ್ತೆ ದೇಶ ಸುತ್ತಾಟ. ಸೋಫಿಯಾ, ಮೆಲನಿ, ಅಮಾಂಡಾ, ಆಗಸ್ಟ್ ಎಂಬ ಆ ನಾಲ್ವರು 2014ರಲ್ಲಿ ಪಿಂಕ್ ಮಾರ್ಟಿನಿ ಎಂಬ ವಾದ್ಯವೃಂದದ ಜೊತೆ ಹಲವು ಭಾಷೆಗಳ ಹಾಡಿನ ಆಲ್ಬಂ ತಂದರು. ಮನೆಯಲ್ಲಿ ತಾತನ ಹಾಡು, ಮೊಮ್ಮಕ್ಕಳ ಬಾಯಲ್ಲಿ ದೂರ ದೇಶಗಳ ನುಡಿ. ಅಪರಿಚಿತ ಭಾಷೆಯ ಹಾಡನ್ನೂ ಉಚ್ಚಾರ ಕೆಡದಂತೆ ಹಾಡುತ್ತಾರೆ, ಅದು ಯಾರೋ ಕೂರಿಸಿ ತಿದ್ದಿದ ನಾಲಿಗೆ.

ಮೊದಲ ಏಳು ಮಕ್ಕಳಲ್ಲಿ ಕೊನೆಗೆ ಉಳಿದಿದ್ದ ಮರಿಯಾ ಫ್ರಾನ್ಜಿಸ್ಕಾ ಪಪುವಾ ನ್ಯೂಗಿನಿಯಲ್ಲಿ ದಶಕಗಳ ಕಾಲ ಮಿಷನರಿಯಾಗಿದ್ದು, 2014ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಗಾಥೆ ಮೇರಿಲ್ಯಾಂಡ್‌ನಲ್ಲಿ ಶಿಶುವಿಹಾರ ನಡೆಸಿದಳು. ವಾಸ್ನರ್ ಫಿಜಿಗೆ ಮಿಷನರಿಯಾಗಿ ಹೋದರು, ಆಮೇಲೆ ರೋಮ್‌ನಲ್ಲಿದ್ದರು, 1992ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ತೀರಿಕೊಂಡರು.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದರಿಂದ ದನಿ ಹತ್ತಿರವಾಗುತ್ತದೆ, ಅಷ್ಟೇ. ಶ್ರುತಿ ಸೇರುವುದು ದಿನದಿನದ ಸಾಧಕದಿಂದ. ಆ ಸಾಧಕ ಮಾಡಿಸುವವರೊಬ್ಬರು ಮನೆಯಲ್ಲಿರಬೇಕು, ಅವರ ಹೆಸರನ್ನು ಹಾಡುವವರ ಹೆಸರಿನ ಜೊತೆಗೇ ಹೇಳಬೇಕು. ಟ್ರ್ಯಾಪ್ ಕುಟುಂಬದ ಕಥೆಯಿಂದ ಫ್ರಾನ್ಜ್ ವಾಸ್ನರ್ ಹೆಸರನ್ನು ಕೈಬಿಟ್ಟದ್ದು ಆ ಸಿನಿಮಾದ ಎಲ್ಲ ಸುಳ್ಳುಗಳಲ್ಲಿ ದೊಡ್ಡದು.